ಏಲಿಯನ್‌ಗಳಿಗೆ ಸಂದೇಶ ಕಳಿಸುವ ಮೊದಲು ಟ್ರಾನ್ಸ್‌ಮಿಟರ್ ಲೆಕ್ಕ ನೋಡೋಣ

ನಮಸ್ಕಾರ. ಇವತ್ತಿನ ಪ್ರಶ್ನೆ ಹಳೆಯದೇ. ಬೇರೆ ನಕ್ಷತ್ರಗಳ ಸುತ್ತ ಯಾರಾದರೂ ಇದ್ದರೆ, ನಾವಾಗಿಯೇ ಅವರಿಗೆ ರೇಡಿಯೊ ಸಂದೇಶ ಕಳಿಸಬೇಕೆ, ಸುಮ್ಮನಿರಬೇಕೆ? ಈ ಮಾತು ಶುರುವಾಗಿ ಐದು ನಿಮಿಷ ಆಗುವುದರೊಳಗೆ ಒಬ್ಬರು ಆಕ್ರಮಣದ ಭಯ ಹುಟ್ಟಿಸುತ್ತಾರೆ, ಇನ್ನೊಬ್ಬರು ವಿಶ್ವಬಂಧುತ್ವದ ಕನಸು ಬಿಚ್ಚುತ್ತಾರೆ. ಟ್ರಾನ್ಸ್‌ಮಿಟರ್ ಹತ್ತಿರ ಮಾತ್ರ ಇಬ್ಬರೂ ಸುಳಿಯುವುದಿಲ್ಲ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಈವರೆಗೆ ಕಳಿಸಿದ ಸಂದೇಶಗಳಿಂದ ಹೇಳಿಕೊಳ್ಳುವಂಥ ಅಪಾಯವೂ ಇಲ್ಲ, ಪ್ರಯೋಜನವೂ ಇಲ್ಲ. ನಿಜವಾಗಿ ಕೇಳಿಸುವ ಹಾಗೆ ಕಳಿಸುವುದು ಬೇರೆಯೇ ಗಾತ್ರದ ಕೆಲಸ. ಅದನ್ನು ಈಗ, ಯಾರದೋ ಉತ್ಸಾಹಕ್ಕೆ ಕಟ್ಟುಬಿದ್ದು, ಶುರು ಮಾಡಬಾರದು.

ಎಲ್ಲರೂ ಉದಾಹರಿಸುವ ಸಂದೇಶದಿಂದಲೇ ಶುರು ಮಾಡೋಣ. 1974ರ ನವೆಂಬರ್ 16, ಪೋರ್ಟೊ ರಿಕೊದ ಅರೆಸಿಬೊ. 305 ಮೀಟರ್ ಅಗಲದ ಡಿಶ್, 450 ಕಿಲೋವ್ಯಾಟ್ ಟ್ರಾನ್ಸ್‌ಮಿಟರ್, 2380 ಮೆಗಾಹರ್ಟ್ಸ್. ಖಗೋಳವಿಜ್ಞಾನಿ ಫ್ರಾಂಕ್ ಡ್ರೇಕ್ ಮತ್ತು ಜೊತೆಗಾರರು ರೂಪಿಸಿದ ಚಿತ್ರದಲ್ಲಿ ಒಟ್ಟು 1679 ಬಿಟ್. ಆ ಸಂಖ್ಯೆಯೇ ಸುಳಿವು: 23 ಮತ್ತು 73, ಎರಡೂ ಅವಿಭಾಜ್ಯ, ಗುಣಿಸಿದರೆ 1679. ಸಾಲಿಗೆ 23ರಂತೆ 73 ಸಾಲು ಜೋಡಿಸಿದರೆ ಮನುಷ್ಯನ ಆಕೃತಿ, ಡಿಎನ್‌ಎ ಸುರುಳಿ, ಸೌರವ್ಯೂಹ ಎಲ್ಲ ಮೂಡುತ್ತವೆ. ಸಾಲಿಗೆ 73ರಂತೆ ಜೋಡಿಸಿದರೆ ಬರೀ ಚುಕ್ಕಿ ಚೆಲ್ಲಾಪಿಲ್ಲಿ. ನಡುವೆ ಒಂದೇ ಒಂದು ಬಿಟ್ ಬಿಟ್ಟುಹೋದರೂ ಅಲ್ಲಿಂದ ಕೆಳಗಿನ ಸಾಲುಗಳೆಲ್ಲ ಒಂದೊಂದು ಮನೆ ಪಕ್ಕಕ್ಕೆ ಸರಿಯುತ್ತವೆ. ಸೆಕೆಂಡಿಗೆ 10 ಬಿಟ್‌ನಂತೆ, ಮೂರು ನಿಮಿಷ ತುಂಬುವ ಮೊದಲೇ ಎಲ್ಲ ಮುಗಿಯಿತು.

ಗುರಿ ಯಾವುದು? ಹರ್ಕ್ಯುಲಿಸ್ ನಕ್ಷತ್ರಪುಂಜದಲ್ಲಿರುವ ಎಂ13 ಎಂಬ ತಾರಾಗುಚ್ಛ, ಸುಮಾರು 25,000 ಜ್ಯೋತಿರ್ವರ್ಷ ದೂರ. ಅಲ್ಲಿ ನಕ್ಷತ್ರಗಳು ಲಕ್ಷಗಟ್ಟಲೆ ಇವೆ, ಯಾರಿಗಾದರೂ ಸಿಗಲಿ ಎಂಬ ಎಣಿಕೆ. ಈಗ ಒಂದು ಕೈಲೆಕ್ಕ ಹಾಕೋಣ. ಅವರ ಬಳಿಯೂ ಅರೆಸಿಬೊದಷ್ಟೇ ದೊಡ್ಡ ಡಿಶ್ ಇದೆ, ರಿಸೀವರಿನ ಒಟ್ಟು ಗದ್ದಲ ಕೇವಲ 25 ಕೆಲ್ವಿನ್ (ರೇಡಿಯೊ ಗದ್ದಲವನ್ನು ತಾಪಮಾನದ ಲೆಕ್ಕದಲ್ಲೇ ಅಳೆಯುತ್ತಾರೆ) ಎಂದುಕೊಳ್ಳಿ. ಬಿಟ್‌ಗಳನ್ನು ಬಿಡಿಬಿಡಿಯಾಗಿ ಓದಲು 10 ಹರ್ಟ್ಸ್ ಅಗಲದ ಚಾನೆಲ್ ಬೇಕು, ಸಂಕೇತ ಗದ್ದಲದ ಹತ್ತು ಪಟ್ಟಾದರೂ ಇರಬೇಕು. ಡಿಶ್ ಶಕ್ತಿಯನ್ನೆಲ್ಲ ಒಂದೇ ದಿಕ್ಕಿಗೆ ಕೂಡಿಸುವುದರಿಂದ, ಆ ದಿಕ್ಕಿನಲ್ಲಿ ನಿಂತವರಿಗೆ ಅದು ಹಲವು ಲಕ್ಷ ಕೋಟಿ ವ್ಯಾಟ್‌ನ ಟ್ರಾನ್ಸ್‌ಮಿಟರ್ ಇದ್ದ ಹಾಗೆ ಕಾಣುತ್ತದೆ. ಅದನ್ನು ಧಾರಾಳವಾಗಿ 20 ಲಕ್ಷ ಕೋಟಿ ವ್ಯಾಟ್ ಅಂತಲೇ ಹಿಡಿದರೂ, ಓದಲು ಬರುವ ದೂರ ಸುಮಾರು 120 ಜ್ಯೋತಿರ್ವರ್ಷಕ್ಕೆ ನಿಲ್ಲುತ್ತದೆ. ಎಂ13 ಅದರ ಇನ್ನೂರು ಪಟ್ಟು ದೂರ. ದೂರ ಇನ್ನೂರು ಪಟ್ಟಾದರೆ ಸಂಕೇತ ಇನ್ನೂರರ ವರ್ಗದಷ್ಟು, ಅಂದರೆ ನಲವತ್ತು ಸಾವಿರ ಪಟ್ಟು ಕ್ಷೀಣ. ಎಂ13ರಲ್ಲಿ ಕೂತು ಆ ಚಿತ್ರ ನೋಡಬೇಕೆಂದರೆ ಅರೆಸಿಬೊದಂಥ ನಲವತ್ತು ಸಾವಿರ ಡಿಶ್ ಒಟ್ಟಿಗೆ ನಮ್ಮ ಕಡೆಗೇ ತಿರುಗಿರಬೇಕು, ಅದೂ ಆ ಮೂರು ನಿಮಿಷ. ಹೊಸದಾಗಿ ಸಜ್ಜಾದ ದೂರದರ್ಶಕದ ಶಕ್ತಿ ತೋರಿಸಲು ನಡೆದ ಸಮಾರಂಭ ಅದು. ಹಾಗೆ ನೋಡಿದರೆ ಅದರಲ್ಲಿ ತಪ್ಪೇನಿಲ್ಲ. ಸಂಪರ್ಕದ ಪ್ರಯತ್ನ ಅಂತ ಕರೆದಾಗಲೇ ತೊಂದರೆ.

ಮೂರು ನಿಮಿಷ ಎಂಬುದನ್ನು ಸುಲಭವಾಗಿ ಬಿಡುವಂತಿಲ್ಲ. 1977ರ ಆಗಸ್ಟ್ 15ರಂದು ಒಹಾಯೊದ ಬಿಗ್ ಇಯರ್ ದೂರದರ್ಶಕಕ್ಕೆ 72 ಸೆಕೆಂಡ್ ಕಾಲ ಒಂದು ಬಲವಾದ ಸಂಕೇತ ಬಂತು. ದಾಖಲೆ ನೋಡಿದ ವಿಜ್ಞಾನಿ ಅಚ್ಚರಿಯಿಂದ ಕಾಗದದ ಅಂಚಿನಲ್ಲಿ 'ವಾವ್' ಅಂತ ಬರೆದದ್ದು ಅದಕ್ಕೇ. ಮತ್ತೆ ಮತ್ತೆ ಹುಡುಕಿದರೂ ಅದು ಮರಳಿ ಸಿಗಲಿಲ್ಲ. ಹಾಗಾಗಿ ಇಂದಿಗೂ ಅದನ್ನು ಯಾರೂ ಅನ್ಯಲೋಕದ ಸಂಕೇತ ಎಂದು ಒಪ್ಪುವುದಿಲ್ಲ, ಒಪ್ಪಬಾರದು ಕೂಡ. 2019ರಲ್ಲಿ ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕ ಪ್ರಾಕ್ಸಿಮಾ ಸೆಂಟಾರಿ ಕಡೆ ನೋಡುತ್ತಿದ್ದಾಗ 982 ಮೆಗಾಹರ್ಟ್ಸ್‌ನಲ್ಲಿ ಸಿಕ್ಕಿದ ಸಂಕೇತವೂ ಪರಿಶೀಲಿಸಿದಾಗ ನಮ್ಮದೇ ಉಪಕರಣಗಳ ಗಲಾಟೆ ಎಂದು ತೀರ್ಮಾನವಾಯಿತು. ಆಲಿಸುವವರ ಮೊದಲ ನಿಯಮ ಇದು: ಮರುಕಳಿಸದ ಸಂಕೇತಕ್ಕೆ ಲೆಕ್ಕವಿಲ್ಲ. ನಾವು ಕಳಿಸಿದ್ದನ್ನು ಇದೇ ತಕ್ಕಡಿಯಲ್ಲಿ ಇಟ್ಟರೆ? ಅರೆಸಿಬೊ ಒಂದು ಸಲ, ಮೂರು ನಿಮಿಷ. ಕ್ರಿಮಿಯಾದ ಎವ್ಪಟೋರಿಯಾದ 70 ಮೀಟರ್ ಡಿಶ್‌ನಿಂದ 1999, 2001, 2003, 2008ರಲ್ಲಿ ಹೋದವು ಗಂಟೆಗಳ ಲೆಕ್ಕದವು. 2017ರ ಅಕ್ಟೋಬರಿನಲ್ಲಿ ನಾರ್ವೆಯ ಟ್ರೊಮ್ಸೊದಿಂದ ಲ್ಯೂಟನ್ ನಕ್ಷತ್ರಕ್ಕೆ ಹೋದದ್ದು ಮೂರು ದಿನ. ಅಲ್ಲೂ ನಮ್ಮಂಥದೇ ಎಚ್ಚರಿಕೆಯ ವಿಜ್ಞಾನಿಗಳಿದ್ದರೆ, ನಮ್ಮ ಸಂದೇಶ ಅವರ ಕಡತದಲ್ಲಿ ಇನ್ನೊಂದು 'ವಾವ್' ಆಗಿ ಧೂಳು ಹಿಡಿಯುತ್ತದೆ. (2008ರಲ್ಲಿ ಒಂದು ಕುರುಕಲು ತಿಂಡಿಯ ಜಾಹೀರಾತನ್ನೂ ಹೀಗೇ ಒಂದು ನಕ್ಷತ್ರದ ಕಡೆ ಬೀರಲಾಯಿತು. ಅದು ಮರುಕಳಿಸದಿದ್ದುದೇ ಒಳ್ಳೆಯದಾಯಿತು.)

ಗುರಿ ಹಿಡಿಯುವುದೂ ಅಷ್ಟು ಸಲೀಸಲ್ಲ. ಲ್ಯೂಟನ್ ನಕ್ಷತ್ರವನ್ನೇ ತೆಗೆದುಕೊಳ್ಳಿ, ದೂರ 12.4 ಜ್ಯೋತಿರ್ವರ್ಷ. ನಮಗೆ ಇಂದು ಕಾಣುವುದು 12.4 ವರ್ಷ ಹಿಂದೆ ಅದು ಇದ್ದ ಜಾಗ. ನಮ್ಮ ಸಂಕೇತ ಅಲ್ಲಿ ಮುಟ್ಟಲು ಮತ್ತೆ 12.4 ವರ್ಷ. ಈ ಸುಮಾರು 25 ವರ್ಷಗಳಲ್ಲಿ ಅದು ಆಕಾಶದಲ್ಲಿ ಸರಿಯುತ್ತಲೇ ಇರುತ್ತದೆ, ವರ್ಷಕ್ಕೆ 3.7 ಆರ್ಕ್‌ಸೆಕೆಂಡ್ (ಡಿಗ್ರಿಯ 60ರಲ್ಲೊಂದು ಪಾಲು ಆರ್ಕ್‌ಮಿನಿಟ್, ಅದರ 60ರಲ್ಲೊಂದು ಪಾಲು ಆರ್ಕ್‌ಸೆಕೆಂಡ್). ಒಟ್ಟು ತೊಂಬತ್ತು ಆರ್ಕ್‌ಸೆಕೆಂಡಿನ ಮೇಲೆ. ಟ್ರೊಮ್ಸೊದ 32 ಮೀಟರ್ ಡಿಶ್‌ಗೆ 930 ಮೆಗಾಹರ್ಟ್ಸ್‌ನಲ್ಲಿ ಅರ್ಧ ಡಿಗ್ರಿಗಿಂತ ಅಗಲವಾದ ಕಿರಣ. ಈ ವ್ಯತ್ಯಾಸ ಅದರಲ್ಲಿ ಮುಚ್ಚಿಹೋಗುತ್ತದೆ. ಆದರೆ ಅಗಲ ಕಿರಣ ಎಂದರೆ ಶಕ್ತಿ ಚದುರಿತು ಎಂದೇ ಅರ್ಥ. ಶಕ್ತಿ ಕೂಡಿಸಲು ಹೋಗಿ 70 ಮೀಟರ್ ಡಿಶ್‌ನಿಂದ 8.5 ಗಿಗಾಹರ್ಟ್ಸ್‌ನಲ್ಲಿ ಕಳಿಸಿದರೆ ಕಿರಣದ ಅಗಲ ಸುಮಾರು 2 ಆರ್ಕ್‌ಮಿನಿಟ್, ಹುಣ್ಣಿಮೆ ಚಂದ್ರನ ಅಗಲದ ಹದಿನೈದರಲ್ಲೊಂದು ಪಾಲು. ಕಣ್ಣಿಗೆ ಕಾಣುವ ಜಾಗಕ್ಕೇ ನೇರ ಗುರಿಯಿಟ್ಟರೆ ನಕ್ಷತ್ರಕ್ಕೆ ತಲುಪುವುದು ನಿಜವಾದ ಬಲದ ಐದನೇ ಒಂದು ಭಾಗ. ಹಾರುವ ಹಕ್ಕಿಗೆ ಗುರಿ ಹಿಡಿದ ಹಾಗೆ, ಮುಂದಕ್ಕೇ ಬೀರಬೇಕು.

ಜೊತೆಗೆ ಡಾಪ್ಲರ್, ಅಂದರೆ ಚಲನೆಯಿಂದ ಆವರ್ತನ ಬದಲಾಗುವ ಪರಿಣಾಮ. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ 30 ಕಿಲೋಮೀಟರ್ ಓಡುವುದರಿಂದ 1 ಗಿಗಾಹರ್ಟ್ಸ್ ಸಂಕೇತ ವರ್ಷದಲ್ಲಿ 100 ಕಿಲೋಹರ್ಟ್ಸ್‌ವರೆಗೆ ಅತ್ತಿತ್ತ ಜಾರುತ್ತದೆ. ಟ್ರಾನ್ಸ್‌ಮಿಟರಿನಲ್ಲೇ ಅದನ್ನು ಸರಿದೂಗಿಸಬೇಕು. ಇಲ್ಲವಾದರೆ ಕಿರಿದಾದ ಚಾನೆಲ್‌ಗಳಲ್ಲಿ ಹುಡುಕುವವರ ಕೈಯಿಂದ ನುಣುಚಿಕೊಳ್ಳುತ್ತದೆ.

ಹಾಗಾದರೆ ನಿಜವಾಗಿ ಕೇಳಿಸುವ ಸಂದೇಶ ಹೇಗಿರಬೇಕು? ಕೆಲವೇ ಹತ್ತಿರದ ನಕ್ಷತ್ರಗಳು, ಒಂದೇ ಆವರ್ತನ, ಒಂದೇ ಮಾದರಿ, ಎಡೆಬಿಡದೆ ದಶಕಗಟ್ಟಲೆ. ಭೂಮಿ ತಿರುಗುವುದರಿಂದ ಒಂದೇ ಜಾಗದ ಡಿಶ್‌ಗೆ ನಕ್ಷತ್ರ ಇಡೀ ದಿನ ಕಾಣುವುದಿಲ್ಲ. ನಾಸಾದ ಡೀಪ್ ಸ್ಪೇಸ್ ನೆಟ್‌ವರ್ಕ್ ಗೋಲ್ಡ್‌ಸ್ಟೋನ್, ಮ್ಯಾಡ್ರಿಡ್, ಕ್ಯಾನ್‌ಬೆರಾ ಎಂದು ಮೂರು ಕಡೆ ಹಂಚಿಕೊಂಡಿರುವುದು ಇದಕ್ಕೇ. ನಮಗೂ ಅಂಥ ಮೂರು ನೆಲೆ ಬೇಕು. ಒಂದು ಮೆಗಾವ್ಯಾಟ್ ರೇಡಿಯೊ ಶಕ್ತಿ ಹೊರಬರಲು, ಅರ್ಧದಷ್ಟು ದಕ್ಷತೆ ಎಂದುಕೊಂಡರೆ, ಎರಡು ಮೆಗಾವ್ಯಾಟ್ ವಿದ್ಯುತ್ ಒಳಹೋಗಬೇಕು. ವರ್ಷಕ್ಕೆ ಸುಮಾರು 1.75 ಕೋಟಿ ಯೂನಿಟ್. ರೇಡಿಯೊ ಶಕ್ತಿ ಹೊರಡಿಸುವ ಕ್ಲೈಸ್ಟ್ರಾನ್ ಕೊಳವೆಗಳು, ಅವುಗಳಿಗೆ ಎಡೆಬಿಡದೆ ತಣ್ಣೀರು, ಕೆಟ್ಟಾಗ ಹಾಕಲು ಬದಲಿ, ನೋಡಿಕೊಳ್ಳುವ ತಂಡ. ಇಷ್ಟೆಲ್ಲ ಮಾಡುವವರು ಯಾರೇ ಆದರೂ ಮೂವತ್ತು ವರ್ಷ ಅದನ್ನೇ ಮಾಡುತ್ತಿರಬೇಕು. ಆಗ ಮಾತ್ರ ಅದು ಸಂದೇಶ. ಅಪಾಯ-ಪ್ರಯೋಜನದ ಚರ್ಚೆಗೆ ನಿಜವಾದ ವಸ್ತುವೂ ಅದೇ.

ಇಲ್ಲಿ ಒಂದು ವಾದ ತಪ್ಪದೆ ಬರುತ್ತದೆ: 'ಇನ್ನೇನು ಮುಚ್ಚಿಡುವುದು? ನಮ್ಮ ಟಿವಿ, ರೇಡಾರ್ ಎಲ್ಲ ನೂರು ವರ್ಷದಿಂದ ಸೋರುತ್ತಲೇ ಇವೆಯಲ್ಲ!' ಕೇಳಲು ಸರಿ ಎನಿಸುತ್ತದೆ. ಲೆಕ್ಕ ಒಪ್ಪುವುದಿಲ್ಲ. ಒಂದು ಮೆಗಾವ್ಯಾಟ್‌ನ ದೊಡ್ಡ ಟಿವಿ ಟ್ರಾನ್ಸ್‌ಮಿಟರನ್ನು ಆ 20 ಲಕ್ಷ ಕೋಟಿ ವ್ಯಾಟ್ ಕಿರಣದ ಪಕ್ಕ ಇಡಿ. ಎರಡು ಕೋಟಿ ಪಟ್ಟು ವ್ಯತ್ಯಾಸ. ಅದರ ವರ್ಗಮೂಲ ಸುಮಾರು 4,500. ಅದೇ ರಿಸೀವರಿಗೆ ಕಿರಣ ನೂರು ಜ್ಯೋತಿರ್ವರ್ಷದಿಂದ ಕೇಳಿಸಿದರೆ, ಟಿವಿ ಕೇಳಿಸುವುದು ಸೂರ್ಯ-ಭೂಮಿ ಅಂತರದ 1,400 ಪಟ್ಟು ದೂರದವರೆಗೆ. ವಾಯೇಜರ್ 1 ನೌಕೆ ಈಗಾಗಲೇ ಸುಮಾರು 170 ಪಟ್ಟು ದೂರದಲ್ಲಿದೆ. ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ 4.24 ಜ್ಯೋತಿರ್ವರ್ಷ, ಅಂದರೆ ಸುಮಾರು 2,68,000 ಪಟ್ಟು. ಟಿವಿ ದಾರಿಯಲ್ಲೇ ಕರಗಿಹೋಯಿತು. ಮೇಲಾಗಿ ಡಿಜಿಟಲ್ ಪ್ರಸಾರ ಶಕ್ತಿಯನ್ನು ಅಗಲ ಪಟ್ಟಿಯಲ್ಲಿ ಹರಡುವುದರಿಂದ ದೂರದವರಿಗೆ ಅದು ಬರೀ ಗದ್ದಲ. ಗ್ರಹ, ಕ್ಷುದ್ರಗ್ರಹಗಳನ್ನು ನೋಡಲು ಬಳಸುವ ರೇಡಾರುಗಳ ಕಿರಣಗಳು ನಿಜಕ್ಕೂ ದೂರ ಹೋಗುತ್ತವೆ. ಆದರೆ ಎರಡು ಆರ್ಕ್‌ಮಿನಿಟ್ ಕಿರಣ ಒಂದು ಕ್ಷಣಕ್ಕೆ ಮುಟ್ಟುವುದು ಇಡೀ ಆಕಾಶದ ನಾಲ್ಕೂವರೆ ಕೋಟಿ ತುಂಡಿನಲ್ಲಿ ಒಂದನ್ನು. ಕ್ಷುದ್ರಗ್ರಹದ ಬೆನ್ನು ಹತ್ತಿ ಸರಿದುಹೋದ ಮೇಲೆ ಆ ದಿಕ್ಕಿಗೆ ಮರಳುವುದಿಲ್ಲ.

ಒಂದನ್ನು ಒಪ್ಪಲೇಬೇಕು. ದೊಡ್ಡ ದೂರದರ್ಶಕ ಇರುವವರು ನಮ್ಮ ಗಾಳಿಯ ಆಮ್ಲಜನಕವನ್ನು ಗುರುತಿಸಬಲ್ಲರು. ಅದು 240 ಕೋಟಿ ವರ್ಷಗಳಿಂದ ಇದೆ. ಇಲ್ಲಿ ಜೀವ ಇದೆ ಎಂಬ ಗುಟ್ಟು ಹಾಗಾಗಿ ಎಂದೋ ಬಯಲಾಗಿದೆ. ಟ್ರಾನ್ಸ್‌ಮಿಟರ್ ಕಟ್ಟುವ ಜೀವ ಇದೆ ಎಂಬುದು ಬೇರೆ ಸುದ್ದಿ, ಅದು ಇನ್ನೂ ನಮ್ಮ ಕೈಯಲ್ಲಿದೆ.

ಕಳಿಸಬೇಕು ಎನ್ನುವವರ ಅತ್ಯಂತ ಗಟ್ಟಿ ವಾದ ಎವ್ಪಟೋರಿಯಾ ಸಂದೇಶಗಳ ಹಿಂದಿದ್ದ ಅಲೆಕ್ಸಾಂಡರ್ ಜೈಟ್ಸೆವ್ ಅವರದು: ಎಲ್ಲರೂ ಆಲಿಸುತ್ತಲೇ ಕೂತರೆ ಮಾತಾಡುವವರು ಯಾರು? ಇದನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಆದರೆ ಮೊದಲು ಬಾಯಿ ಬಿಡಬೇಕಾದವರು ನಾವೇ ಏಕೆ? ನಮ್ಮ ರೇಡಿಯೊ ದೂರದರ್ಶಕಗಳಿಗೆ ಇನ್ನೂ ನೂರು ವರ್ಷ ತುಂಬಿಲ್ಲ. ಗ್ಯಾಲಕ್ಸಿಯ ವಯಸ್ಸು ಸಾವಿರ ಕೋಟಿ ವರ್ಷಕ್ಕೂ ಮೀರಿದ್ದು. ನಮಗೆ ಎದುರಾಗಬಹುದಾದ ಯಾರೇ ಆಗಲಿ ನಮಗಿಂತ ಕಿರಿಯರಾಗಿರುವ ಸಂಭವ ತೀರಾ ಕಡಿಮೆ. ಕಿರಿಯರಾದರೆ ಅವರ ಬಳಿ ರೇಡಿಯೊವೇ ಇರುವುದಿಲ್ಲ. ಕಳಿಸುವ ಖರ್ಚು ಹೊರಬಲ್ಲವರು ಹಿರಿಯರು. ಕಿರಿಯರಿಗೆ ಹೊಂದುವ ಕೆಲಸ ಆಲಿಸುವುದು, ಮತ್ತು ಅದರಲ್ಲೂ ನಾವು ಇನ್ನೂ ಬಹಳ ಹಿಂದಿದ್ದೇವೆ.

ಆಕ್ರಮಣದ ಭಯದ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಸ್ಟೀಫನ್ ಹಾಕಿಂಗ್ ಎಚ್ಚರಿಸಿದ್ದರು. ಅರೆಸಿಬೊ ಸಂದೇಶಕ್ಕೆ ಬ್ರಿಟನ್ನಿನ ಖಗೋಳವಿಜ್ಞಾನಿ ಮಾರ್ಟಿನ್ ರೈಲ್ ಆಗಲೇ ಆಕ್ಷೇಪ ಎತ್ತಿದ್ದರು. ಸಂಭವ ಎಷ್ಟೆಂದು ಅಳೆಯಲು ನಮ್ಮ ಬಳಿ ಒಂದೂ ಉದಾಹರಣೆ ಇಲ್ಲ, ಅಳೆದ ಹಾಗೆ ಮಾತಾಡುವವರನ್ನು ನಂಬಬೇಡಿ. ನನ್ನನ್ನು ಕಾಡುವುದು ಅದಲ್ಲ, ಒಪ್ಪಿಗೆ. ಬೆಳಕಿನ ವೇಗದಲ್ಲಿ ಹೊರಟದ್ದನ್ನು ಹಿಂದಕ್ಕೆ ಕರೆಯಲಾಗದು. ಆದರೂ ಅದನ್ನು ಕಳಿಸಲು ಇಂದು ಬೇಕಾದದ್ದು ಒಂದು ಡಿಶ್‌ನ ಬಾಡಿಗೆ ಮತ್ತು ಆ ದೇಶದ ಆವರ್ತನ ಪರವಾನಗಿ ಅಷ್ಟೇ. ರೇಡಿಯೊ ನಿಯಮಗಳು ನೋಡುವುದು ಪಕ್ಕದವರಿಗೆ ಅಡಚಣೆ ಆಗುತ್ತದೆಯೇ ಎಂದು. ಸಂದೇಶದಲ್ಲಿ ಏನಿದೆ, ಯಾರ ಪರವಾಗಿ ಹೋಗುತ್ತಿದೆ ಎಂದಲ್ಲ. 1967ರ ಬಾಹ್ಯಾಕಾಶ ಒಪ್ಪಂದ ಈ ವಿಷಯ ಎತ್ತುವುದಿಲ್ಲ. ಅಂತರರಾಷ್ಟ್ರೀಯ ಗಗನಯಾನ ಅಕಾಡೆಮಿಯ 1989ರ ನಿಯಮಾವಳಿ, 2010ರಲ್ಲಿ ತಿದ್ದಿದ್ದು, ಸಂಕೇತ ಸಿಕ್ಕರೆ ಸಮಾಲೋಚನೆ ಇಲ್ಲದೆ ಉತ್ತರ ಕೊಡಬೇಡಿ ಎನ್ನುತ್ತದೆ. ಅದಕ್ಕೆ ಕಾನೂನಿನ ಬಲ ಇಲ್ಲ. ಉತ್ತರಿಸಲು ಜಗತ್ತನ್ನು ಕೇಳಬೇಕು, ತಾನಾಗಿ ಮಾತು ಶುರು ಮಾಡಲು ಯಾರನ್ನೂ ಕೇಳಬೇಕಿಲ್ಲ! ಇದು ಯಾವ ಲೆಕ್ಕಕ್ಕೂ ಕೂಡುವುದಿಲ್ಲ.

ಇಷ್ಟಾದರೂ ಕಳಿಸುತ್ತೇವೆ ಎನ್ನುವವರಿಗೆ ಒಂದೇ ಷರತ್ತು ಹಾಕುತ್ತೇನೆ: ಕಳಿಸುವ ದಿನವೇ, ಉತ್ತರ ಆಲಿಸುವ ದೂರದರ್ಶಕದ ಸಮಯ ಮತ್ತು ಹಣವನ್ನೂ ತೆಗೆದಿಡಿ. ಎವ್ಪಟೋರಿಯಾದಿಂದ ಗ್ಲೀಸ 581 ಎಂಬ ನಕ್ಷತ್ರಕ್ಕೆ 2008ರಲ್ಲಿ ಹೋದ ಸಂದೇಶ 2029ರ ಹೊತ್ತಿಗೆ ಮುಟ್ಟುತ್ತದೆ, ಉತ್ತರ 2049ಕ್ಕೂ ಮೊದಲು ಬರಲಾರದು. ಲ್ಯೂಟನ್ ನಕ್ಷತ್ರದಿಂದ ಬರುವುದಿದ್ದರೆ 2042ರ ನಂತರ. ಅಲ್ಲಿಯವರು ಕೇಳಿಸಿಕೊಂಡು, ಕೇಳಿದ ಆವರ್ತನದಲ್ಲೇ ಮರಳಿಸುತ್ತಾರೆ ಎಂದಿಟ್ಟುಕೊಳ್ಳಿ. ಅದು ಅತ್ಯಂತ ಸಹಜ ಆಯ್ಕೆ. ಆ 930 ಮೆಗಾಹರ್ಟ್ಸ್, ಮೊಬೈಲ್ ಟವರುಗಳು ಫೋನುಗಳಿಗೆ ಬೀರುವ 925ರಿಂದ 960ರ ಪಟ್ಟಿಯ ಒಳಗೇ ಬೀಳುತ್ತದೆ. ಉತ್ತರ ಬಂದರೂ ಅದು ಇಳಿಯುವುದು ನಮ್ಮದೇ ಟವರುಗಳ ಗದ್ದಲದ ನಡುವೆ.