ಮೇ ತಿಂಗಳಲ್ಲಿ ಎಸಿ ಕೈಕೊಟ್ಟಿತು, ಕಂಪ್ರೆಸರ್ ನಾನೇ ಬದಲಿಸಿದೆ

ಬಳ್ಳಾರಿ, ಮೇ ತಿಂಗಳು, ಬೆಳಿಗ್ಗೆ ಆರೂವರೆ. ಹತ್ತು ದಾಟಿದರೆ ಬಾನೆಟ್ ಮೇಲೆ ಕೈ ಇಡೋಕೆ ಆಗುವುದಿಲ್ಲ. ಅದಕ್ಕೇ ಇಷ್ಟು ಬೇಗ.

ಗ್ಯಾಸ್ ತೆಗೆಸುವ ಮುಂಚೆ ರೆಕಾರ್ಡ್ ಮಾಡಿಟ್ಟ ಈ ಸದ್ದು ಕೇಳಿ. ಗರಗರ ಅಂತಿದೆ ಅಲ್ವಾ? ಕಾರಿಗೆ 12 ವರ್ಷ. ಮೊದಲು ಪುಲ್ಲಿ ಬೇರಿಂಗ್ ಮೇಲೆ ಅನುಮಾನ ಬಂತು. ಆದರೆ ಪುಲ್ಲಿ ಎಂಜಿನ್ ಜೊತೆ ಸದಾ ತಿರುಗುತ್ತಲೇ ಇರುತ್ತದೆ. ಎಸಿ ಸ್ವಿಚ್ ಒತ್ತಿದಾಗ ಮಾತ್ರ ಕ್ಲಚ್ ಹಿಡಿದು ಕಂಪ್ರೆಸರ್‌ನ ಒಳಭಾಗ ತಿರುಗುತ್ತದೆ. ಈ ಗರಗರ ಬರುವುದೂ ಆಗಲೇ.

ಗ್ಯಾಸನ್ನು ನಿನ್ನೆಯೇ ಎಸಿ ಅಂಗಡಿಯ ಯಂತ್ರದಲ್ಲಿ ಎಳೆಸಿಕೊಂಡು ಬಂದಿದ್ದೇನೆ. ಸುಮ್ನೆ ಪೈಪ್ ಸಡಿಲಿಸಿ ಗಾಳಿಗೆ ಬಿಡಬೇಡಿ. ಇದು ಆರ್-134ಎ. ಹೊರಗೆ ಬಂದರೆ ಮೈನಸ್ 26 ಡಿಗ್ರಿಯಲ್ಲೇ ಕುದಿಯುತ್ತದೆ. ಚಿಮ್ಮಿದರೆ ಚರ್ಮ ಮರಗಟ್ಟುತ್ತದೆ, ಕಣ್ಣಿಗೆ ಬಿದ್ದರಂತೂ ಮುಗಿಯಿತು. ಭೂಮಿಯನ್ನು ಬಿಸಿ ಮಾಡುವುದರಲ್ಲೂ ಕಾರ್ಬನ್ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಜಾಸ್ತಿ.

ಬ್ಯಾಟರಿಯ ಮೈನಸ್ ತೆಗೆದೆ, ಬೆಲ್ಟ್ ಇಳಿಸಿದೆ, ವೈರ್ ಬಿಚ್ಚಿದೆ, ಎರಡು ಪೈಪ್, ನಾಲ್ಕು ಬೋಲ್ಟ್. ಒಂದು ಗಂಟೆಯೂ ಹಿಡಿಯಲಿಲ್ಲ. ಕುರ್ಚಿ ಹಾಕಿಕೊಂಡು ಕೂತಿದ್ದ ಅಪ್ಪನಿಗೆ ಒಂದೇ ಚಿಂತೆ: "ಕೊನೆಗೆ ಎಷ್ಟು ಬೋಲ್ಟ್ ಮಿಗಿಸ್ತೀಯೋ?"

ಈಗ ಕಂಪ್ರೆಸರ್ ಸವೆಯದಂತೆ ಗ್ಯಾಸ್ ಜೊತೆ ಸುತ್ತುವ ಎಣ್ಣೆಯ ಲೆಕ್ಕ. ಹಳೆ ಕಂಪ್ರೆಸರ್ ಬಗ್ಗಿಸಿ, ಕೆಮ್ಮಿನ ಔಷಧಿ ಬಾಟಲಿಯ ಮುಚ್ಚಳದಲ್ಲಿ ಅಳೆದೆ. ಆರು ಮುಚ್ಚಳ, ಅಂದರೆ 60 ಮಿಲಿ. ಉಳಿದದ್ದು ಕಾಯಿಲ್‌ನಲ್ಲಿ, ಪೈಪುಗಳಲ್ಲಿ ಹರಡಿಕೊಂಡಿದೆ. ಹೊಸದರೊಳಗೆ ಕಂಪನಿಯವರೇ 120 ಮಿಲಿ ತುಂಬಿ ಕಳಿಸಿದ್ದಾರೆ. ಹಾಗೇ ಕೂರಿಸಿದರೆ ಎಣ್ಣೆ ಜಾಸ್ತಿಯಾಗಿ ತಂಪು ಕಡಿಮೆಯಾಗುತ್ತದೆ. ಪೂರ್ತಿ ಬಗ್ಗಿಸಿ 70 ಮಾತ್ರ ವಾಪಸ್ ಹಾಕಿದೆ. ಹೆಚ್ಚಿಗೆ ಹಾಕಿದ 10, ಹೊಸ ಡ್ರೈಯರ್ (ತೇವ ಹೀರುವ ಡಬ್ಬಿ) ಪಾಲು. ಹಳೆ ಎಣ್ಣೆಯನ್ನು ಬಿಳಿ ಬಟ್ಟೆಗೆ ಒರೆಸಿಯೂ ನೋಡಿದೆ. ಲೋಹದ ಪುಡಿ ಮಿನುಗಿದ್ದರೆ ಪೈಪೆಲ್ಲ ತೊಳೆದು ಕಂಡೆನ್ಸರನ್ನೂ ಬದಲಿಸಬೇಕಿತ್ತು. ಪುಣ್ಯ, ಇರಲಿಲ್ಲ.

ಹೊಸದನ್ನು ಕೂರಿಸಿ, ಪೈಪ್ ಜೋಡಿಸುವ ಮುಂಚೆ ಹಳೆ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಉಂಗುರ) ಎಣಿಸಿದೆ. ಬಿಚ್ಚಿದ್ದು ಎರಡು ಪೈಪ್, ತಟ್ಟೆಯಲ್ಲಿದ್ದದ್ದು ಒಂದೇ ರಿಂಗ್. ಕಾರಿನಡಿ ಹುಡುಕಿದೆ, ಬಟ್ಟೆ ಕೊಡವಿದೆ, ಅಪ್ಪನನ್ನೂ ಕುರ್ಚಿಯಿಂದ ಎಬ್ಬಿಸಿದೆ. ಅರ್ಧ ಗಂಟೆ ಹೋಯಿತು. ಕೊನೆಗೆ ನೋಡಿದರೆ ಹಳೆ ಕಂಪ್ರೆಸರ್‌ನ ಬಾಯಲ್ಲೇ ಅಂಟಿಕೊಂಡಿತ್ತು! ಅದೇ ಪೈಪ್ ತುದಿಯಲ್ಲಿ ಉಳಿದಿದ್ದು, ಅದರ ಮೇಲೆ ಹೊಸದು ಹಾಕಿದ್ದರೆ ಎರಡೂ ಸರಿಯಾಗಿ ಕೂರದೆ ಗ್ಯಾಸ್ ಸೋರುತ್ತಿತ್ತು. ಹೊಸ ರಿಂಗಿಗೆ ಅದೇ ಎಣ್ಣೆ ಸವರಿ ಜೋಡಿಸಿದೆ. ಡ್ರೈಯರ್ ಮುಚ್ಚಳ ತೆಗೆದದ್ದು ಎಲ್ಲಕ್ಕಿಂತ ಕೊನೆಗೆ. ಅದು ಗಾಳಿಯ ತೇವ ಹೀರುತ್ತಲೇ ಇರುತ್ತದೆ.

ಮುಂದಿನದು ಮತ್ತೆ ಅಂಗಡಿಯವರ ಕೆಲಸ. 45 ನಿಮಿಷ ವ್ಯಾಕ್ಯೂಮ್ ಹಿಡಿಸಿದರು. ಒಳಗೆ ಒತ್ತಡ ಅಷ್ಟು ಇಳಿದಾಗ ನೀರು ಕುದಿಯೋಕೆ 100 ಡಿಗ್ರಿ ಬೇಕಿಲ್ಲ, ನಮ್ಮೂರಿನ ಬಿಸಿಲೇ ಸಾಕು, ಒಳಗಿನ ತೇವ ಆವಿಯಾಗಿ ಹೊರಗೆ ಹೋಗುತ್ತದೆ. ತೇವ ಉಳಿದರೆ ಗ್ಯಾಸ್ ಹಾಯುವ ಸಣ್ಣ ಕಿಂಡಿಯಾದ ಎಕ್ಸ್‌ಪ್ಯಾನ್ಷನ್ ವಾಲ್ವ್‌ನಲ್ಲಿ ಮಂಜುಗಡ್ಡೆಯಾಗಿ ದಾರಿ ಕಟ್ಟುತ್ತದೆ. ಆಮೇಲೆ ಬಾನೆಟ್ ಸ್ಟಿಕ್ಕರ್ ನೋಡಿ, ತೂಕ ಮಾಡಿ 450 ಗ್ರಾಂ ಗ್ಯಾಸ್.

ಥರ್ಮಾಮೀಟರ್ ನೋಡಿ, 8 ಡಿಗ್ರಿ. ಗರಗರ ಇಲ್ಲ.

ಮನೆಗೆ ಬಂದು ಎಸಿ ಹಾಕಿಕೊಂಡೇ ನಿಲ್ಲಿಸಿದೆ. ಅಪ್ಪ ಬಗ್ಗಿ ಕಾರಿನಡಿ ನೋಡಿದರು. "ಲೋ, ನೀರು ತೊಟ್ಟಿಕ್ಕುತ್ತಿದೆಯಲ್ಲೋ!"

"ತೊಟ್ಟಿಕ್ಕಲಿ ಬಿಡಪ್ಪಾ," ಅಂದೆ.