ಹೋದ ಸಲ ಎಷ್ಟಿತ್ತು?

ಎಲ್ಲರಿಗೂ ನಮಸ್ಕಾರ. ಈ ವಾರ ನಮ್ಮ ಮನೆಯಲ್ಲಿ ತಪಾಸಣೆಯ ವಾರ. ನನಗೆ, ನಾಯಿಗೆ, ಬೆಕ್ಕಿಗೆ, ಜೊತೆಗೆ ಈ ಮೇಜಿನ ಮೇಲೆ ಕಾಣುತ್ತಿರುವ ಉಪಕರಣಗಳಿಗೆ. ಎಲ್ಲವನ್ನೂ ಒಂದೇ ವಾರದಲ್ಲಿ ಇಟ್ಟುಕೊಳ್ಳುತ್ತೇನೆ. ಬೇರೆ ಬೇರೆ ತಿಂಗಳಿಗೆ ಹಂಚಿದರೆ ಒಂದಲ್ಲ ಒಂದು ಬಿಟ್ಟುಹೋಗುತ್ತದೆ. ಬಿಟ್ಟುಹೋಗಿದೆ ಅಂತ ಗೊತ್ತೂ ಆಗುವುದಿಲ್ಲ, ಯಾಕೆಂದರೆ ಇವ್ಯಾವುವೂ ಬಾಯಿಬಿಟ್ಟು ಹೇಳುವುದಿಲ್ಲ. ಬಿಪಿ ಏರಿದರೆ ನೋವಾಗುವುದಿಲ್ಲ. ಕಿಡ್ನಿ ಸೋಲುತ್ತಿರುವ ಬೆಕ್ಕು ಎಂದಿನಂತೆ ಕಿಟಕಿಯಲ್ಲಿ ಕೂತಿರುತ್ತದೆ. ತಪ್ಪು ತೂಗುವ ತಕ್ಕಡಿಯ ಪರದೆ ಮೇಲೂ ಅಂಕಿ ಸ್ಪಷ್ಟವಾಗಿಯೇ ಮೂಡುತ್ತದೆ.

‘ನಾರ್ಮಲ್ ಇದೆಯಾ?’ ಅಂತ ನಾವೆಲ್ಲ ಕೇಳುತ್ತೇವೆ. ಕೇಳಲೇಬೇಕು. ಆದರೆ ನಾನು ಅದಕ್ಕಿಂತ ಜಾಸ್ತಿ ನಂಬುವ ಪ್ರಶ್ನೆ ಇನ್ನೊಂದಿದೆ. ಹೋದ ಸಲ ಎಷ್ಟಿತ್ತು? ಈ ನೋಟ್‌ಬುಕ್ ಇರೋದು ಅದಕ್ಕೇ.

ಮೊದಲ ಸರದಿ ಉಪಕರಣಗಳದ್ದು. ಕಾರಣ ಸರಳ. ಅಳೆಯುವ ಸಾಧನವೇ ಸರಿಯಿಲ್ಲದಿದ್ದರೆ ಮುಂದೆ ಅಳೆದದ್ದಕ್ಕೆಲ್ಲ ಅರ್ಥವಿಲ್ಲ, ಅಲ್ವಾ?

ಇದು ಬೆಕ್ಕನ್ನು ತೂಗುವ ತಕ್ಕಡಿ. ಮಟ್ಟವಾದ, ಅಲುಗಾಡದ ಜಾಗದಲ್ಲಿ ಇಟ್ಟಿದ್ದೇನೆ. ಫ್ಯಾನ್ ಆಫ್ ಮಾಡಿದ್ದೇನೆ, ಗಾಳಿ ಬೀಸಿದರೂ ಅಂಕಿ ಕುಣಿಯುತ್ತದೆ. ಆನ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು, ಸೊನ್ನೆ ನೋಡಿ, ಆಮೇಲೆ ಪ್ರಮಾಣಿತ ತೂಕದ ಬಟ್ಟನ್ನು ಇಡುತ್ತೇನೆ. ಬಟ್ಟನ್ನು ಬರಿಗೈಯಲ್ಲಿ ಮುಟ್ಟುವುದಿಲ್ಲ. ಬೆರಳಿನ ಜಿಡ್ಡಿಗೂ ತೂಕ ಇದೆ. ಮನೆಯ ತಕ್ಕಡಿಗೆ ಅದು ಗೊತ್ತಾಗದಿರಬಹುದು, ಪ್ರಯೋಗಾಲಯದ ತಕ್ಕಡಿಗೆ ಖಂಡಿತ ಗೊತ್ತಾಗುತ್ತದೆ.

ಅಷ್ಟೆಲ್ಲ ಯಾಕೆ ಅನ್ನಿಸಿದರೆ ಕಿಲೋಗ್ರಾಮಿನ ಕಥೆಯನ್ನೇ ಕೇಳಿ. 1889ರಿಂದ ಇಡೀ ಜಗತ್ತಿಗೆ ಕಿಲೋಗ್ರಾಂ ಅಂದರೆ ಒಂದು ಪುಟ್ಟ ಸಿಲಿಂಡರ್. ಪ್ಲಾಟಿನಂ ಮತ್ತು ಇರಿಡಿಯಂ ಮಿಶ್ರಲೋಹದ್ದು. ಪ್ಯಾರಿಸ್ ಹತ್ತಿರದ ಸೆವ್ರ್‌ನಲ್ಲಿ ಗಾಜಿನ ಗಂಟೆಗಳ ಕೆಳಗೆ, ಬೀಗ ಹಾಕಿ ಇಟ್ಟಿದ್ದರು. ಅದರ ಅಧಿಕೃತ ಪ್ರತಿಗಳೂ ಇದ್ದವು. 1990ರ ಸುಮಾರಿಗೆ ಎಲ್ಲವನ್ನೂ ಪಕ್ಕಪಕ್ಕ ಇಟ್ಟು ತೂಗಿದಾಗ, ನೂರು ವರ್ಷಗಳಲ್ಲಿ ಮೂಲಕ್ಕೂ ಪ್ರತಿಗಳಿಗೂ ಸುಮಾರು 50 ಮೈಕ್ರೊಗ್ರಾಂ ವ್ಯತ್ಯಾಸ ಬಂದಿತ್ತು. ಮೂಲ ಹಗುರವಾಯಿತೋ, ಪ್ರತಿಗಳು ಭಾರವಾದವೋ ಹೇಳಲು ದಾರಿಯೇ ಇರಲಿಲ್ಲ. ಯಾಕೆಂದರೆ ಕಿಲೋಗ್ರಾಂ ಅಂದರೆ ಆ ಸಿಲಿಂಡರೇ! ಕೊನೆಗೆ 2019ರ ಮೇ 20ರಿಂದ ಲೋಹವನ್ನು ಬಿಟ್ಟು, ಪ್ಲಾಂಕ್ ಸ್ಥಿರಾಂಕ ಅನ್ನುವ, ಭೌತಶಾಸ್ತ್ರದ ಬದಲಾಗದ ಸಂಖ್ಯೆಯ ಮೇಲೆ ಕಿಲೋಗ್ರಾಮನ್ನು ನಿಲ್ಲಿಸಿದರು. ಅಷ್ಟು ಜೋಪಾನ ಮಾಡಿದ ವಸ್ತುವೇ ಜಾರಿತು ಅಂದಮೇಲೆ, ದಿನಾ ಬೆಕ್ಕು ಹತ್ತಿಳಿಯುವ ತಕ್ಕಡಿ ಜಾರದೇ ಇರುತ್ತದಾ?

ಕ್ಯಾಲಿಬ್ರೇಷನ್, ಅಂದರೆ ಉಪಕರಣ ಸರಿಯಾಗಿ ಅಳೆಯುತ್ತಿದೆಯಾ ಅಂತ ನೋಡಿ ತಿದ್ದುವ ಕೆಲಸ ಮಾಡುವವರಿಂದ ಕಲಿತ ಒಂದು ಶಿಸ್ತು ನನಗೆ ತುಂಬಾ ಇಷ್ಟ. ಉಪಕರಣ ಕೈಗೆ ಬಂದ ತಕ್ಷಣ ಅವರು ಅದನ್ನು ಸರಿಮಾಡಲು ಹೋಗುವುದಿಲ್ಲ. ಬಂದ ಸ್ಥಿತಿಯಲ್ಲಿ ಅದು ಎಷ್ಟು ತೋರಿಸುತ್ತದೆ ಅಂತ ಮೊದಲು ಬರೆದುಕೊಳ್ಳುತ್ತಾರೆ. ಆಮೇಲೆ ತಿದ್ದಿ, ತಿದ್ದಿದ ಮೇಲಿನ ಅಂಕಿಯನ್ನೂ ಬರೆಯುತ್ತಾರೆ. ಬರೆಯದೆ ತಿದ್ದಿಬಿಟ್ಟರೆ ಅದು ಎಷ್ಟು ಜಾರಿತ್ತು ಅನ್ನೋದು ಶಾಶ್ವತವಾಗಿ ಕಳೆದುಹೋಗುತ್ತದೆ. ಜಾರಿದ್ದು ಜಾಸ್ತಿಯಾಗಿದ್ದರೆ ಹಿಂದಿನ ತಪಾಸಣೆಯಿಂದ ಈಚೆಗೆ ಅದರಲ್ಲಿ ಅಳೆದದ್ದೆಲ್ಲ ಅನುಮಾನಕ್ಕೆ ಬರುತ್ತದೆ. ಅದಕ್ಕೇ ಈ ಕಾಲಂನಲ್ಲಿ ಎರಡೆರಡು ಅಂಕಿ ಕಾಣುತ್ತಿರೋದು.

ಥರ್ಮಾಮೀಟರಿಗೆ ಐಸ್ ಪರೀಕ್ಷೆ ಸಾಕು. ಜ್ವರ ನೋಡುವ ಥರ್ಮಾಮೀಟರ್ ಅಲ್ಲ, ಸೊನ್ನೆ ಡಿಗ್ರಿಯವರೆಗೂ ತೋರಿಸುವ ಉದ್ದ ಕಡ್ಡಿಯದು. ಲೋಟದ ತುಂಬ ಪುಡಿ ಮಾಡಿದ ಐಸ್, ಸಂದುಗಳು ತುಂಬುವಷ್ಟೇ ನೀರು. ಕಲಕಿ, ಕಡ್ಡಿ ಲೋಟದ ತಳಕ್ಕೆ ತಾಗದ ಹಾಗೆ ಹಿಡಿದರೆ ಸೊನ್ನೆ ಬರಬೇಕು. ಕುದಿಯುವ ನೀರನ್ನು ನಾನು ಬಳಸುವುದಿಲ್ಲ. ಎತ್ತರದ ಜಾಗದಲ್ಲಿ ನೀರು 100 ಡಿಗ್ರಿಗಿಂತ ಮೊದಲೇ ಕುದಿಯುತ್ತದೆ, ಸುಮಾರು 300 ಮೀಟರಿಗೆ ಒಂದು ಡಿಗ್ರಿ ಲೆಕ್ಕದಲ್ಲಿ. ಕ್ಯಾಮೆರಾ ಲೆನ್ಸಿಗೆ ಟಾರ್ಚ್ ಬಿಟ್ಟು ಫಂಗಸ್ ಇದೆಯಾ ನೋಡಿದೆ. ಇಲ್ಲ. ತೇವ ಹೀರಲು ಇಡುವ ಸಿಲಿಕಾ ಜೆಲ್ ಬದಲಾಯಿಸಿದೆ. ಮುಂದಕ್ಕೆ ಹೋಗೋಣ.

ಈಗ ನನ್ನ ಸರದಿ. ಮೊದಲು ಬಿಪಿ.

ಇಲ್ಲಿ ಸುಮ್ನೆ ಕೂತಿದ್ದೇನೆ ನೋಡಿ. ಐದು ನಿಮಿಷ ಹೀಗೇ ಕೂರಬೇಕು. ಬೆನ್ನಿಗೆ ಆಸರೆ. ಎರಡೂ ಪಾದ ನೆಲದ ಮೇಲೆ, ಕಾಲ ಮೇಲೆ ಕಾಲು ಬೇಡ. ತೋಳು ಎದೆಯ ಮಟ್ಟಕ್ಕೆ ಬರುವ ಹಾಗೆ ಮೇಜಿನ ಮೇಲೆ. ಅದಕ್ಕೂ ಅರ್ಧ ಗಂಟೆ ಮುಂಚೆಯಿಂದ ಕಾಫಿ, ಸಿಗರೇಟು, ವ್ಯಾಯಾಮ ಇರಬಾರದು. ಮೂತ್ರ ಕಟ್ಟಿಕೊಂಡು ಕೂರಬಾರದು. ಯಂತ್ರದ ಗಾಳಿಪಟ್ಟಿಯನ್ನು ಬಟ್ಟೆಯ ಮೇಲಲ್ಲ, ಬರಿದಾದ ತೋಳಿಗೇ ಸುತ್ತಬೇಕು. ಪಟ್ಟಿಯ ಅಳತೆ ತುಂಬಾ ಮುಖ್ಯ. ತೋಳಿಗೆ ಚಿಕ್ಕದಾದ ಪಟ್ಟಿ ಕಟ್ಟಿದರೆ ಇರೋದಕ್ಕಿಂತ ಜಾಸ್ತಿ ತೋರಿಸುತ್ತದೆ. ಮಾತಾಡಿದರೂ ಏರುತ್ತದೆ, ಹಾಗಾಗಿ ಈ ಧ್ವನಿಯನ್ನು ಆಮೇಲೆ ಸೇರಿಸಿದ್ದೇನೆ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆದು ಎರಡನ್ನೂ ಬರೆಯುತ್ತೇನೆ.

ತೋಳಿಗೆ ಗಾಳಿಪಟ್ಟಿ ಕಟ್ಟುವ ಈ ಉಪಾಯ ಇಟಲಿಯ ವೈದ್ಯ ರಿವಾ-ರೊಚ್ಚಿ ಅವರದ್ದು, 1896ರದ್ದು. ಪಟ್ಟಿಯ ಕೆಳಗೆ ಸ್ಟೆತಾಸ್ಕೋಪ್ ಇಟ್ಟು ಸದ್ದು ಕೇಳುವುದನ್ನು 1905ರಲ್ಲಿ ರಷ್ಯಾದ ಸರ್ಜನ್ ಕೊರೊಟ್ಕೊವ್ ಹೇಳಿಕೊಟ್ಟರು. ನಮ್ಮ ಮನೆಯ ಡಿಜಿಟಲ್ ಯಂತ್ರ ಸದ್ದು ಕೇಳುವುದಿಲ್ಲ. ಪಟ್ಟಿಯೊಳಗಿನ ಗಾಳಿಯ ಅದುರುವಿಕೆಯಿಂದ ಲೆಕ್ಕ ಹಾಕುತ್ತದೆ. ಎದೆಬಡಿತದ ತಾಳ ತಪ್ಪಿರುವವರಲ್ಲಿ ಆ ಲೆಕ್ಕ ಎಡವಬಹುದು. ಅದಕ್ಕೇ ಡಾಕ್ಟರ ಹತ್ತಿರ ಹೋಗುವಾಗ ಯಂತ್ರವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗುತ್ತೇನೆ. ಅವರದ್ದರಲ್ಲಿ ಒಂದು ಸಲ, ನನ್ನದರಲ್ಲಿ ಒಂದು ಸಲ ನೋಡಿದರೆ ಎರಡಕ್ಕೂ ಎಷ್ಟು ಅಂತರ ಅಂತ ಗೊತ್ತಾಗುತ್ತದೆ.

ಇನ್ನು ಅಂಕಿಗಳ ಮಾತು. 120/80ರ ಒಳಗಿದ್ದರೆ ಒಳ್ಳೆಯದು. ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಮೇಲಿದ್ದರೆ ಹೈ ಬಿಪಿ ಅಂತ ಹೆಚ್ಚಿನ ಕಡೆ ಹೇಳುತ್ತಾರೆ. ಆದರೆ ವರ್ಷಗಟ್ಟಲೆ 105ರಲ್ಲಿದ್ದ ಮೇಲಿನ ಅಂಕಿ 128ಕ್ಕೆ ಬಂದರೆ? ಯಾರೂ ಹೈ ಬಿಪಿ ಅನ್ನುವುದಿಲ್ಲ. ಆದರೂ ಏನೋ ಬದಲಾಗಿದೆ. ಅದನ್ನು ಹೇಳೋದು ಹಳೆಯ ಪುಟ ಮಾತ್ರ.

ಕಣ್ಣಿನ ವಿಷಯದಲ್ಲಿ ದಯವಿಟ್ಟು ಉದಾಸೀನ ಮಾಡಬೇಡಿ. ಕಣ್ಣಿನ ನರವನ್ನು ಹಾಳುಮಾಡುವ ಗ್ಲುಕೋಮಾ ಸಾಮಾನ್ಯವಾಗಿ ನೋವಿಲ್ಲದೆ ಬರುತ್ತದೆ. ಮೊದಲು ಪಕ್ಕದ ನೋಟವನ್ನು ತಿನ್ನುತ್ತದೆ. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ತುಂಬುವುದರಿಂದ ನಮಗೆ ತಿಳಿಯುವುದೇ ಇಲ್ಲ. ಹೋದ ನೋಟ ವಾಪಸ್ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬಹುದು ಅಷ್ಟೇ. ಕನ್ನಡಕದ ನಂಬರ್ ನೋಡಿಸಿದರೆ ಕಣ್ಣಿನ ತಪಾಸಣೆ ಮುಗಿಯಲಿಲ್ಲ. ಕಣ್ಣಿನೊಳಗಿನ ಒತ್ತಡ ನೋಡಿಸಿ. ಒತ್ತಡ ಸರಿಯಿದ್ದವರಿಗೂ ಗ್ಲುಕೋಮಾ ಬರುತ್ತದೆ, ಹಾಗಾಗಿ ಕಣ್ಣಿನ ಹಿಂದಿನ ನರವನ್ನೂ ನೋಡಿಸಿ.

ಸಕ್ಕರೆಗೆ ಎಚ್‌ಬಿಎ1ಸಿ ಮಾಡಿಸಿದ್ದೇನೆ, ಕೆಂಪು ರಕ್ತಕಣಗಳೊಳಗಿನ ಹಿಮೋಗ್ಲೋಬಿನ್‌ಗೆ ಎಷ್ಟು ಸಕ್ಕರೆ ಅಂಟಿದೆ ಅಂತ ನೋಡುವ ರಕ್ತಪರೀಕ್ಷೆ. ಕೆಂಪು ರಕ್ತಕಣಗಳ ಆಯುಸ್ಸು ಸುಮಾರು 120 ದಿನ, ಹಾಗಾಗಿ ಅದು ಎರಡು ಮೂರು ತಿಂಗಳ ಸರಾಸರಿ ಹೇಳುತ್ತದೆ. ಹೋದ ವಾರದ ಪಥ್ಯಕ್ಕೆಲ್ಲ ಅದು ಬಗ್ಗುವುದಿಲ್ಲ.

ಹಾಗಾದರೆ ಇರೋ ಟೆಸ್ಟ್ ಎಲ್ಲ ಮಾಡಿಸಿಬಿಡೋಣ ಅಂತ ಅನ್ನಿಸಬಹುದು. ನಾನು ಮಾಡಿಸುವುದಿಲ್ಲ. ರಿಪೋರ್ಟಿನಲ್ಲಿ ‘ನಾರ್ಮಲ್ ಮಿತಿ’ ಅಂತ ಇರುತ್ತದಲ್ಲ, ಅದನ್ನು ಸಾಮಾನ್ಯವಾಗಿ ಆರೋಗ್ಯವಂತರಲ್ಲಿ ನೂರಕ್ಕೆ 95 ಜನ ಒಳಗೆ ಬರುವ ಹಾಗೆ ಇಟ್ಟಿರುತ್ತಾರೆ. ಉಳಿದ ಐದು ಜನ ಏನೂ ಕಾಯಿಲೆ ಇಲ್ಲದೆಯೂ ಹೊರಗೆ ಬೀಳುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ 20 ಟೆಸ್ಟ್ ಮಾಡಿಸಿದರೆ, ಪೂರ್ತಿ ಆರೋಗ್ಯವಾಗಿರುವವರಲ್ಲೂ ಕನಿಷ್ಠ ಒಂದು ಟೆಸ್ಟ್ ಮಿತಿಯ ಹೊರಗೆ ಬೀಳುವ ಸಾಧ್ಯತೆ ನೂರಕ್ಕೆ 64. ಆಮೇಲೆ ಅದರ ಹಿಂದೆ ಸ್ಕ್ಯಾನು, ಅದರ ಹಿಂದೆ ನಿದ್ದೆಯಿಲ್ಲದ ರಾತ್ರಿ. ನನ್ನ ವಯಸ್ಸಿಗೆ, ನಮ್ಮ ಮನೆತನದ ಕಾಯಿಲೆಗಳಿಗೆ ಯಾವುದು ಬೇಕು ಅಂತ ಡಾಕ್ಟರನ್ನು ಕೇಳುತ್ತೇನೆ. ಅಷ್ಟನ್ನು ಮಾತ್ರ ಬಿಡದೆ ಮಾಡಿಸುತ್ತೇನೆ.

ಈಗ ನಾಯಿ. ಗಾಢ ನಿದ್ದೆಯಲ್ಲಿದೆ. ಪಕ್ಕೆಯ ಕಡೆ ಕ್ಯಾಮೆರಾ ಇಟ್ಟಿದ್ದೇನೆ, ಹತ್ತಿರದಿಂದ ನೋಡಿ. ಪಕ್ಕೆ ಏರಿ ಇಳಿದರೆ ಒಂದು ಉಸಿರು. ಒಂದು ನಿಮಿಷ ಪೂರ್ತಿ ಎಣಿಸಬೇಕು. ಕನಸು ಕಂಡು ಕಾಲು ಅದುರಿಸುತ್ತಿದ್ದರೆ ಆಗ ಬೇಡ, ಕಾಯಬೇಕು. ಮಲಗಿರುವ ನಾಯಿಯ ಉಸಿರು ಸಾಮಾನ್ಯವಾಗಿ ನಿಮಿಷಕ್ಕೆ 30ರ ಒಳಗೆ ಇರುತ್ತದೆ. ನಮ್ಮದು 18ರ ಆಸುಪಾಸಿನಲ್ಲಿ ಇರುತ್ತದೆ, ಇವತ್ತೂ ಹಾಗೇ ಇದೆ. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬತೊಡಗಿದರೆ, ಎಷ್ಟೋ ಸಲ ಮೊದಲು ಏರುವುದು ಈ ಅಂಕಿ. ಯಂತ್ರ ಬೇಡ, ಸೂಜಿ ಬೇಡ, ನಾಯಿಗೆ ಎಚ್ಚರವೂ ಆಗುವುದಿಲ್ಲ. ನಾಯಿ ಸಾಕಿರುವ ಎಲ್ಲರೂ ಇದೊಂದನ್ನು ಮಾಡಬೇಕು ಅಂತ ನನಗೆ ಮನಸಾರೆ ಅನ್ನಿಸುತ್ತದೆ. ಮತ್ತೆ ಮತ್ತೆ 30 ದಾಟಿದರೆ ಕಾಯದೆ ವೈದ್ಯರಿಗೆ ಫೋನ್ ಮಾಡಿ.

ಬೆಕ್ಕು ಕಷ್ಟದ ಗಿರಾಕಿ. ಕಾಯಿಲೆ ಮುಚ್ಚಿಡೋದು ಅದರ ಹುಟ್ಟುಗುಣ. ವಯಸ್ಸಾದ ಬೆಕ್ಕುಗಳಲ್ಲಿ ಕಿಡ್ನಿ ಕಾಯಿಲೆ ತುಂಬಾ ಸಾಮಾನ್ಯ. ಕಿಡ್ನಿಯ ಶಕ್ತಿ ಮುಕ್ಕಾಲು ಭಾಗ ಹೋಗುವವರೆಗೂ ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಅನ್ನುವ ಕಸ ರಕ್ತದಲ್ಲಿ ಮಿತಿ ದಾಟದೇ ಇರಬಹುದು. ಕ್ರಿಯಾಟಿನಿನ್ ಬರೋದು ಸ್ನಾಯುಗಳಿಂದ, ಹಾಗಾಗಿ ಬೆಕ್ಕು ಬಡಕಲಾದರೆ ಆ ಅಂಕಿ ಇನ್ನೂ ಕೆಳಗೇ ನಿಲ್ಲುತ್ತದೆ. ಎಸ್‌ಡಿಎಂಎ ಅನ್ನುವ ಇನ್ನೊಂದು ರಕ್ತಪರೀಕ್ಷೆಗೆ ಸ್ನಾಯುವಿನ ಹಂಗಿಲ್ಲ, ಬೇಗನೂ ಸುಳಿವು ಕೊಡುತ್ತದೆ. ವಯಸ್ಸಾದ ಬೆಕ್ಕಿದ್ದರೆ ಕೇಳಿ ಮಾಡಿಸಿ, ಮೂತ್ರ ಪರೀಕ್ಷೆಯ ಜೊತೆಗೆ.

ಮನೆಯಲ್ಲಿ ನಾವು ನೋಡಬಹುದಾದದ್ದು ತೂಕ. ನಾಲ್ಕು ಕಿಲೋ ಬೆಕ್ಕು 3.6 ಕಿಲೋ ಆದರೆ ಕಣ್ಣಿಗೆ ಕಾಣುವುದಿಲ್ಲ, ಕೂದಲು ಮುಚ್ಚಿಬಿಡುತ್ತದೆ. ಆದರೆ ಅದು ನೂರಕ್ಕೆ ಹತ್ತು. 60 ಕಿಲೋ ಮನುಷ್ಯರು ಆರು ಕಿಲೋ ಇಳಿದ ಹಾಗೆ! ಇನ್ನೊಂದು ಸುಳಿವು ಮರಳಿನ ಟ್ರೇ. ಉಂಡೆಗಳು ಮೊದಲಿಗಿಂತ ದೊಡ್ಡದಾಗುತ್ತಿದ್ದರೆ ನೀರು ಜಾಸ್ತಿ ಕುಡಿಯುತ್ತಿದೆ ಅಂತ ಅರ್ಥ. ಕಿಡ್ನಿ ಇರಬಹುದು, ಸಕ್ಕರೆ ಇರಬಹುದು.

ಸಕ್ಕರೆಯಲ್ಲೂ ಒಂದು ಸೂಕ್ಷ್ಮ ಇದೆ. ಹೆದರಿದ ಬೆಕ್ಕಿನ ರಕ್ತದಲ್ಲಿ ಗ್ಲುಕೋಸ್ ತಾನಾಗೇ ಏರುತ್ತದೆ. ಕ್ಲಿನಿಕ್‌ನಲ್ಲಿ ಒಂದು ಸಲ ಜಾಸ್ತಿ ಬಂದರೆ ಡಯಾಬಿಟಿಸ್ ಅಂತ ತೀರ್ಮಾನ ಮಾಡಲು ಆಗುವುದಿಲ್ಲ. ಫ್ರಕ್ಟೋಸಮೀನ್ ಅನ್ನುವ ಇನ್ನೊಂದು ಪರೀಕ್ಷೆ ಹಿಂದಿನ ಒಂದೆರಡು ವಾರದ ಕಥೆ ಹೇಳುತ್ತದೆ.

ಹೆದರಿಕೆ ಕಡಿಮೆ ಮಾಡಲು ಬೆಕ್ಕನ್ನು ಕ್ಲಿನಿಕ್‌ಗೆ ಒಯ್ಯುವ ಬುಟ್ಟಿಯನ್ನು ಈ ಮೂಲೆಯಲ್ಲಿ ವರ್ಷವಿಡೀ ಬಾಗಿಲು ತೆರೆದು ಇಟ್ಟಿರುತ್ತೇನೆ, ಒಳಗೆ ಅದರದ್ದೇ ಹಾಸಿಗೆ. ನಾಳೆ ಬೆಳಿಗ್ಗೆ ಅದರ ಅಪಾಯಿಂಟ್‌ಮೆಂಟ್. ರಕ್ತವನ್ನು ಹೋದ ಸಲದ ಲ್ಯಾಬಿಗೇ ಕಳಿಸಲು ಹೇಳುತ್ತೇನೆ. ಲ್ಯಾಬ್ ಬದಲಾದರೆ ಯಂತ್ರವೂ ಮಿತಿಯೂ ಬದಲಾಗಿ, ಎರಡು ವರ್ಷದ ಅಂಕಿಗಳನ್ನು ಪಕ್ಕಪಕ್ಕ ಇಡೋದು ಕಷ್ಟವಾಗುತ್ತದೆ. ರಿಪೋರ್ಟ್ ಬಂದ ಮೇಲೆ ಹಳೆಯದರ ಜೊತೆ ಸೇರಿಸಿ ಓದೋದು ಹೇಗೆ ಅಂತ ಮುಂದಿನ ವಿಡಿಯೋದಲ್ಲಿ ತೋರಿಸುತ್ತೇನೆ.