ಆಟದ ಮ್ಯಾಪಿನಲ್ಲಿ ಶಿರಾಡಿ ಘಾಟಿ ಎಲ್ಲಿ?

ನಮಸ್ಕಾರ. ಇವತ್ತು ಒಂದು ಕಂಪ್ಯೂಟರ್ ಆಟದ ಬಗ್ಗೆ ಮಾತಾಡುತ್ತೇನೆ. ಆಟ ಆಡದವರು ರೇಡಿಯೋ ಆಫ್ ಮಾಡಬೇಡಿ, ಮುಕ್ಕಾಲು ಪಾಲು ಮಾತು ನಮ್ಮ ಘಟ್ಟದ ಬಗ್ಗೆಯೇ ಇದೆ.

ಆಟದ ಹೆಸರು ಸಿವಿಲೈಸೇಶನ್ 5. 2010ರಲ್ಲಿ ಬಂದದ್ದು. ಊರು ಕಟ್ಟಬೇಕು, ಹೊಲ ಮಾಡಬೇಕು, ಸೈನ್ಯ ಸಾಕಬೇಕು, ಪಕ್ಕದ ರಾಜನ ಜೊತೆ ಗುದ್ದಾಡಬೇಕು. ನೆಲವನ್ನೆಲ್ಲ ಆರು ಮೂಲೆಯ ಮನೆಗಳಾಗಿ ಭಾಗ ಮಾಡಿರುತ್ತಾರೆ. ಒಂದು ಮನೆ ಅಂದರೆ ಬಯಲು, ಇಲ್ಲ ಗುಡ್ಡ, ಇಲ್ಲ ಬೆಟ್ಟ, ಇಲ್ಲ ಸಮುದ್ರ. ಅರ್ಧ ಗುಡ್ಡ ಅರ್ಧ ಬಯಲು ಅಂತ ಇಲ್ಲ. ಮ್ಯಾಪನ್ನು ನಾವೇ ಮಾಡಿಕೊಳ್ಳುವುದಕ್ಕೂ ಅವಕಾಶ ಇದೆ. ಹಾಗಾಗಿ ನಾನು ಭಾರತದ ಮ್ಯಾಪ್ ಮಾಡೋಣ ಅಂತ ಕೂತೆ.

ಮೊದಲು ಅಳತೆ. ಆಟದ ಅತಿ ದೊಡ್ಡ ಮ್ಯಾಪಿನಲ್ಲಿ ಅಡ್ಡಕ್ಕೆ 128 ಮನೆ, ಉದ್ದಕ್ಕೆ 80 ಸಾಲು. ನಮ್ಮ ದೇಶ ಉತ್ತರದಿಂದ ದಕ್ಷಿಣಕ್ಕೆ 3,214 ಕಿಲೋಮೀಟರ್. ಸುತ್ತ ಸಮುದ್ರಕ್ಕೆ, ಶ್ರೀಲಂಕಾಕ್ಕೆ ಒಂದಿಷ್ಟು ಜಾಗ ಬಿಟ್ಟರೆ ಒಂದು ಮನೆಯ ಅಗಲ ಸುಮಾರು 50 ಕಿಲೋಮೀಟರ್ ಆಗುತ್ತದೆ. ಆ ಲೆಕ್ಕದಲ್ಲಿ ಇಡೀ ಕರ್ನಾಟಕ ತೊಂಬತ್ತು ಮನೆ. ಗೋವಾಕ್ಕೆ ಎರಡು ಮನೆ ಕೊಟ್ಟರೂ ಜಾಸ್ತಿಯೇ. ಇನ್ನೊಂದು ವಿಷಯ, ಅಕ್ಷಾಂಶ ರೇಖಾಂಶ ನೋಡಿ ಹಾಗೇ ಚೌಕ ಎಳೆಯಬಾರದು. ಬೆಂಗಳೂರಿನ ಹತ್ತಿರ ಒಂದು ಡಿಗ್ರಿ ರೇಖಾಂಶ ಅಂದರೆ 108 ಕಿಲೋಮೀಟರ್, ಶ್ರೀನಗರಕ್ಕೆ ಹೋಗುವಷ್ಟರಲ್ಲಿ ಅದು 92ಕ್ಕೆ ಇಳಿಯುತ್ತದೆ. ಎರಡನ್ನೂ ಒಂದೇ ಅಂದುಕೊಂಡರೆ ಕಾಶ್ಮೀರ ಊದಿಕೊಳ್ಳುತ್ತದೆ. ಕಿಲೋಮೀಟರ್ ಲೆಕ್ಕದಲ್ಲಿ ಎಳೆದರೆ ಇದು ಸರಿಹೋಗುತ್ತದೆ, ದೊಡ್ಡ ತಲೆನೋವೇನಲ್ಲ.

ತಲೆನೋವು ಇರುವುದು ಎತ್ತರದಲ್ಲಿ. 2000ದ ಫೆಬ್ರುವರಿಯಲ್ಲಿ ನಾಸಾದವರು ಎಂಡೆವರ್ ನೌಕೆಯಿಂದ ರೇಡಾರ್ ಹಾಯಿಸಿ ಹನ್ನೊಂದು ದಿನದಲ್ಲಿ ಭೂಮಿಯ ಬಹುಪಾಲು ನೆಲದ ಎತ್ತರ ಅಳೆದರು. ಆ ಮಾಹಿತಿ ಈಗ ಯಾರಿಗಾದರೂ ಪುಕ್ಕಟೆ ಸಿಗುತ್ತದೆ. ಸಮುದ್ರಮಟ್ಟದಿಂದ ಇಷ್ಟು ಮೇಲಿದ್ದರೆ ಬಯಲು, ಇನ್ನಷ್ಟು ಮೇಲಿದ್ದರೆ ಬೆಟ್ಟ ಅಂತ ಹೇಳಿಬಿಟ್ಟರೆ ಕಂಪ್ಯೂಟರೇ ಮ್ಯಾಪ್ ತುಂಬುತ್ತದೆ, ಸರಿ, ಆದರೆ ಅದು ತುಂಬಿದ ಮ್ಯಾಪ್ ನೋಡಿ: ಬೆಂಗಳೂರು ಬೆಟ್ಟ, ಆಗುಂಬೆ ಅದಕ್ಕಿಂತ ತಗ್ಗು! ಯಾಕಂದರೆ ಬೆಂಗಳೂರು 920 ಮೀಟರ್ ಎತ್ತರದಲ್ಲಿದೆ, ಆಗುಂಬೆ ಅಷ್ಟು ಎತ್ತರ ಇಲ್ಲ. ಅಂಕಿ ಸರಿ, ನೆಲ ತಪ್ಪು. ಮೆಜೆಸ್ಟಿಕ್ಕಿನಲ್ಲಿ ನಿಂತವರಿಗೆ ಬೆಟ್ಟದ ಮೇಲೆ ನಿಂತಿದ್ದೇನೆ ಅನ್ನಿಸುತ್ತದೆಯೇ? ಹಾಗಾಗಿ ಎತ್ತರ ನೋಡಬಾರದು, ಏರಿಳಿತ ನೋಡಬೇಕು. ಒಂದು ಮನೆಯೊಳಗೆ ಅತಿ ತಗ್ಗಿಗೂ ಅತಿ ಎತ್ತರಕ್ಕೂ ಎಷ್ಟು ವ್ಯತ್ಯಾಸ ಅಂತ ಲೆಕ್ಕ ಹಾಕಿಸಿ. ಆಗ ಮೈಸೂರು ಸೀಮೆ ಬಯಲಾಗುತ್ತದೆ, ಘಟ್ಟ ಎದ್ದು ನಿಲ್ಲುತ್ತದೆ.

ಎದ್ದು ನಿಂತ ಮೇಲೆ ಇನ್ನೊಂದು ಪೇಚು. ಈ ಆಟದಲ್ಲಿ ಬೆಟ್ಟದ ಮನೆಯನ್ನು ಕಾಲಾಳು, ಕುದುರೆ ಯಾರೂ ದಾಟುವಂತಿಲ್ಲ. ಪಶ್ಚಿಮ ಘಟ್ಟ 1,600 ಕಿಲೋಮೀಟರ್, ಅಂದರೆ ಮೂವತ್ತಕ್ಕೂ ಹೆಚ್ಚು ಮನೆ. ಅಷ್ಟಕ್ಕೂ ಬೆಟ್ಟ ಹಾಕಿದರೆ ಹಾಸನದವರು ಮಂಗಳೂರಿನ ಮೀನು ತಿನ್ನುವುದೇ ಇಲ್ಲ. ಬರೀ ಗುಡ್ಡ ಹಾಕಿದರೆ ಸೈನ್ಯ ಸುಮ್ನೆ ವಾಕಿಂಗ್ ಹೋದ ಹಾಗೆ ಇಳಿದುಬಿಡುತ್ತದೆ, ಅದೂ ಸುಳ್ಳು. ನಾನು ಮಾಡಿದ್ದು ಇಷ್ಟು: ಬಹಳ ಕಡೆ ಬೆಟ್ಟ, ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಗಳು ಬೀಳುವ ಕಡೆ ದಟ್ಟ ಕಾಡಿನ ಗುಡ್ಡ. ದಾಟಬಹುದು, ಆದರೆ ಹೊತ್ತು ಹಿಡಿಯುತ್ತದೆ. ಪಾಲಕ್ಕಾಡಿನ ಹತ್ತಿರ ಮಾತ್ರ ಒಂದು ಮನೆ ಪೂರ್ತಿ ಬಯಲು. ನೀಲಗಿರಿಗೂ ಆನೆಮಲೆಗೂ ನಡುವಿನ ಆ ಕಂಡಿ ನಿಜಕ್ಕೂ 30-40 ಕಿಲೋಮೀಟರ್ ಅಗಲ, ಒಂದು ಮನೆಗೂ ಕಮ್ಮಿ. ಕಮ್ಮಿ ಅಂತ ಕೈಬಿಟ್ಟರೆ ಹೈದರಾಲಿ 1766ರಲ್ಲಿ ಅಲ್ಲಿ ಕೋಟೆ ಯಾಕೆ ಕಟ್ಟಿಸಿದ ಅನ್ನುವುದೇ ಆಟದಲ್ಲಿ ಅರ್ಥವಾಗುವುದಿಲ್ಲ. ನನ್ನ ಪ್ರಕಾರ ಕರಾವಳಿಯ ಗೆರೆ ಸ್ವಲ್ಪ ಆಚೀಚೆ ಆದರೆ ಅಡ್ಡಿಯಿಲ್ಲ, ಕಂಡಿ ತಪ್ಪಬಾರದು.

ನದಿಗಳು ಮನೆಗಳ ಅಂಚಿನಲ್ಲಿ ಹರಿಯುತ್ತವೆ, ಅದು ಒಳ್ಳೆಯದೇ ಆಯಿತು. ಕುದುರೆಮುಖದ ಕಡೆ ಗಂಗಾಮೂಲ ಇದೆಯಲ್ಲ, ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವುದು ಅಲ್ಲೇ. ನೇತ್ರಾವತಿ ಪಶ್ಚಿಮಕ್ಕೆ ಇಳಿದು ಮಂಗಳೂರಿನಲ್ಲಿ ಸಮುದ್ರ ಸೇರುತ್ತದೆ, ಉಳಿದ ಎರಡು ಪೂರ್ವಕ್ಕೆ ತಿರುಗಿ ತುಂಗಭದ್ರೆಯಾಗಿ, ಕೃಷ್ಣೆ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತವೆ. ಮೂರೂ ಒಂದೇ ಮನೆಯ ಆರು ಅಂಚಿನಲ್ಲಿ ಹುಟ್ಟಬೇಕು, ಒಂದಕ್ಕೊಂದು ತಾಗಬಾರದು. ಅದನ್ನು ಕೂರಿಸಿದ ಸಂಜೆ ನನಗಾದ ಖುಷಿ ಹಿಮಾಲಯ ಪೂರ್ತಿ ಎಳೆದಾಗಲೂ ಆಗಿರಲಿಲ್ಲ.

ಇನ್ನು ನಮ್ಮ ಬೆಂಗಳೂರು. ನದಿ ಇಲ್ಲ, ಸಮುದ್ರ ಇಲ್ಲ, ಆಟ ಬಲ್ಲವರು ಯಾರೂ ಇಂಥ ಮನೆಯಲ್ಲಿ ರಾಜಧಾನಿ ಕಟ್ಟುವುದಿಲ್ಲ. ಕೆಂಪೇಗೌಡರು 1537ರಲ್ಲಿ ಕಟ್ಟಿದರು, ಕೆರೆಗಳನ್ನು ನಂಬಿಕೊಂಡು. ಹಾಗಾದರೆ ಒಂದು ಕೆರೆ ಹಾಕಿಬಿಡಿ ಅಂತ ಗೆಳೆಯರೊಬ್ಬರು ಅಂದರು. ಕೆರೆಯ ಒಂದು ಮನೆ ಅಂದರೆ ಎರಡು ಸಾವಿರ ಚದರ ಕಿಲೋಮೀಟರ್ ನೀರು ಸ್ವಾಮಿ, ಇಡೀ ನಗರ ಎರಡು ಸಲ ಮುಳುಗುತ್ತದೆ! ಹಾಗಾಗಿ ಹಾಕಲಿಲ್ಲ. ಒಣಗಿದ ಬಯಲಾಗಿಯೇ ಬಿಟ್ಟೆ. ಈಗಲೂ ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ, ಐನೂರು ಮೀಟರ್ ಮೇಲಕ್ಕೆ ಪಂಪ್ ಆಗಿ ಬರಬೇಕು, ಅಂದಮೇಲೆ ಆಟದವರೂ ಸ್ವಲ್ಪ ಕಷ್ಟಪಡಲಿ ಅಲ್ವಾ? ರಾಗಿ ಬೆಳೆ ಹಾಕೋಣ ಅಂದರೆ ಈ ಆಟದಲ್ಲಿ ರಾಗಿಯೇ ಇಲ್ಲ, ಗೋಧಿ ಇದೆ. ಕೋಲಾರದ ಕಡೆ ಗೋಧಿ ಹಾಕುವಾಗ ಕೈ ನಡುಗಿತು.

ಮಳೆಯದ್ದೂ ಹೀಗೇ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್, ಹಿರಿಯೂರಿನ ಕಡೆ ಆರುನೂರರ ಆಸುಪಾಸು. ನಡುವೆ ನಾಲ್ಕೇ ಮನೆ. ಕಾಡು, ಹುಲ್ಲು, ಬಯಲು, ಒಣಭೂಮಿ ಅಂತ ಸರಸರ ಬದಲಾಯಿಸಬೇಕು. ನೋಡಿದವರಿಗೆ ಅತಿಯಾಯಿತು ಅನ್ನಿಸಬಹುದು, ಆದರೆ ಬಸ್ಸಿನಲ್ಲಿ ಆ ದಾರಿ ಹೋದವರು ಯಾರೂ ಹಾಗೆ ಹೇಳಲಾರರು.

ನೀವೂ ಮಾಡುವುದಾದರೆ ದೇಶಕ್ಕೇ ಕೈ ಹಾಕಬೇಡಿ. ಉತ್ತರ ಕನ್ನಡ ಒಂದೇ ಜಿಲ್ಲೆ ತಗೊಳ್ಳಿ, ಹತ್ತು ಸಾವಿರ ಚದರ ಕಿಲೋಮೀಟರ್. ಹತ್ತು ಕಿಲೋಮೀಟರಿಗೆ ಒಂದು ಮನೆ ಅಂದರೆ ನೂರು ಚಿಲ್ಲರೆ ಮನೆ, ಒಂದು ಭಾನುವಾರದ ಕೆಲಸ. ಕಾರವಾರದಲ್ಲಿ ಗುಡ್ಡ ಸಮುದ್ರಕ್ಕೇ ಬಂದು ನಿಲ್ಲುತ್ತದೆ, ಮುಂಡಗೋಡು ಹಳಿಯಾಳದ ಕಡೆ ಗದ್ದೆ, ಕಾಳಿ ನದಿ ಹುಟ್ಟುವುದೂ ಸಮುದ್ರ ಸೇರುವುದೂ ಜಿಲ್ಲೆಯೊಳಗೇ. ಅರಬೈಲು ಘಾಟಿ, ದೇವಿಮನೆ ಘಾಟಿ ಯಾವ ಮನೆಗೆ ಬೀಳುತ್ತವೆ ಅಂತ ಮೊದಲು ಗುರುತು ಹಾಕಿಕೊಳ್ಳಿ, ಬೆಟ್ಟ ಆಮೇಲೆ ತುಂಬಿಸಿ. ನಮಸ್ಕಾರ.